ಫ್ಯೂಸು ಜೇಬಿನಲ್ಲಿಟ್ಟುಕೊಂಡವರು

ಯಾವುದನ್ನೇ ಆಗಲಿ ಅವರು ಮೊದಲು ಮುಟ್ಟುತ್ತಿದ್ದದ್ದು ಕೈಯ ಹಿಂಬದಿಯಿಂದ. ಬೆರಳುಗಳನ್ನು ಒಳಕ್ಕೆ ಮಡಿಚಿ, ಗೆಣ್ಣುಗಳ ಮೇಲಿನ ಒರಟು ಚರ್ಮವನ್ನು ಮೆಲ್ಲಗೆ ತಾಗಿಸಿ, ಒಂದು ಕ್ಷಣ ತಡೆದು, ಆಮೇಲೆ ಅಂಗೈ ತೆರೆಯುತ್ತಿದ್ದರು. ಸ್ವಿಚ್ ಬೋರ್ಡು, ಗೀಸರು, ಗ್ರೈಂಡರು ಇವನ್ನೆಲ್ಲ ಹಾಗೆ ಮುಟ್ಟಿದರೆ ಅರ್ಥವಾಗುತ್ತದೆ. ನಮ್ಮ ಗೇಟನ್ನೂ ಹಾಗೇ ಮುಟ್ಟುವರು, ನಾನು ಕೊಟ್ಟ ಕಾಫಿ ಲೋಟವನ್ನೂ ಹಾಗೇ. ಒಂದು ದಿನ ನಗು ತಡೆಯಲಾರದೆ ಕೇಳಿಯೇಬಿಟ್ಟೆ.

“ಅಂಗೈಲಿ ಮುಟ್ಟುದ್ರೆ ಕರೆಂಟು ಕೈಯ ಮುಚ್ಚುಸ್ಬುಡ್ತದೆ ಕಣ್ರವ್ವ. ಆಮ್ಯಾಕೆ ಬುಡ್ಬೇಕು ಅಂದ್ರೂ ಬುಡಕ್ಕಾಗಕಿಲ್ಲ. ಇಂಗೆ ಮುಟ್ಟುದ್ರೆ ಕೈಯಿ ತಾನೇ ಎಗರ್ಕತದೆ.”

“ಕಾಫಿ ಲೋಟದಲ್ಲಿ ಎಲ್ಲಿ ಕರೆಂಟು ಲೈನ್‌ಮನ್ನೋರೇ?”

“ಇಲ್ಲ ಅಂತ ಮುಟ್ಟುದ್ ಮ್ಯಾಲೆ ತಾನೆ ಗೊತ್ತಾಗೋದು?”

ಅವರು ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಮಂಡ್ಯದಲ್ಲಿ ನಮ್ಮ ಮನೆಯ ಹಿಂದಿನ ಎರಡನೇ ಬೀದಿಯಲ್ಲಿ ಮನೆ. ನನ್ನ ಹಸ್ಬೆಂಡ್ ಡಾಕ್ಟರ್. ಅವರ ಕ್ಲಿನಿಕ್ಕಿಗೆ ಕರೆಂಟ್ ಹೋದಾಗಲೆಲ್ಲ ಓಡಿಬರುತ್ತಿದ್ದ ಮನುಷ್ಯ ಇವರು. ಡಾಕ್ಟರ್ ಹೋದ ಮೇಲೂ ಬರುವುದನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ ಕರೆಯದೆಯೇ ಬಂದು, ಮೀಟರ್ ಬೋರ್ಡಿಗೆ ಕೈಯ ಹಿಂಬದಿ ತಾಗಿಸಿ, ಕಾಫಿ ಕುಡಿದು, ಎರಡು ಮಾತು ಬೈದು ಹೋಗುವರು. ಬೈಗುಳ ಹೆಚ್ಚಾಗಿ ನನ್ನ ಇಸ್ತ್ರಿ ಪೆಟ್ಟಿಗೆಯ ವೈರಿಗೆ.

ಡಾಕ್ಟರ್ ಹೋಗಿ ಒಂಬತ್ತು ವರ್ಷ. ಊರಿಗೆ ನಾನು ಇನ್ನೂ ಡಾಕ್ಟ್ರಮ್ಮ. ನಮಗೆ ಮಕ್ಕಳಾಗಲಿಲ್ಲ, ಅದನ್ನು ಹೇಳಿಕೊಂಡು ಅಳುವ ಸ್ಟೇಜ್ ಎಲ್ಲ ದಾಟಿಯಾಗಿದೆ. ಆದರೆ ನನಗೊಂದು ಹೆಸರಿದೆ ಎಂದು ಗೊತ್ತಿದ್ದವರು ಒಬ್ಬೊಬ್ಬರಾಗಿ ಖಾಲಿಯಾಗುತ್ತಾ ಬಂದಾಗ, ಮನೆಯಲ್ಲಿ ಎಷ್ಟೇ ರೇಡಿಯೋ ಹಾಕಿದರೂ ಒಂದು ತರಹದ ಸೈಲೆನ್ಸ್ ಕೂತುಬಿಡುತ್ತದೆ. ನನ್ನನ್ನು ಹೆಸರು ಹಿಡಿದು ಕರೆಯುವವಳು ಕೊನೆಗೆ ಉಳಿದದ್ದು ಒಬ್ಬಳೇ, ಮಳವಳ್ಳಿಯಲ್ಲಿರುವ ನನ್ನ ಸ್ನೇಹಿತೆ. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮಂಚ. ಈಗ ಅವಳಿಗೆ ಗ್ಲುಕೋಮಾದಿಂದ ಎರಡೂ ಕಣ್ಣು ಹೋಗಿದೆ. ಪ್ರತಿ ಶನಿವಾರ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಅವಳಿಗೆ ಒಂದು ಇಂಗ್ಲಿಷ್ ಕಾದಂಬರಿ ಓದಿ ಹೇಳುತ್ತಿದ್ದೆ. ವಾರಕ್ಕೆ ಒಂದು ಅಧ್ಯಾಯ, ಹೆಚ್ಚೆಂದರೆ ಎರಡು. ಭಾನುವಾರದಿಂದ ಶುಕ್ರವಾರದವರೆಗೆ ನಾನು ಬದುಕಿರುತ್ತಿದ್ದದ್ದು, ಫ್ರಾಂಕ್ಲಿ, ಆ ಶನಿವಾರಕ್ಕಾಗಿ.

ಆಮೇಲೆ ನನ್ನ ಎಡಮಂಡಿ ಕೈಕೊಟ್ಟಿತು. ಕ್ಲಚ್ ತುಳಿಯುವುದು ಇನ್ನು ಮುಂದೆ ಕೂಡದು ಎಂದರು ಆರ್ಥೋಪೆಡಿಕ್. ಬಸ್ಸಿನ ಮೆಟ್ಟಿಲು ಹತ್ತಲಾರೆ. ಟ್ಯಾಕ್ಸಿ ಮಾಡಿ ಎರಡು ಸಲ ಹೋದೆ. ಡ್ರೈವರ್ ಹೊರಗೆ ನಿಂತು ಅರ್ಧ ಗಂಟೆಗೊಮ್ಮೆ ಹಾರ್ನ್ ಹೊಡೆದ. ಹಾರ್ನ್ ಕೇಳಿಕೊಂಡು ಕಾದಂಬರಿ ಓದಲಾಗುವುದಿಲ್ಲ. ಶನಿವಾರಗಳು ನಿಂತುಹೋದವು. ಐದು ತಿಂಗಳು ಫೋನಿನಲ್ಲಿ ಸ್ನೇಹಿತೆ ಒಂದೇ ಮಾತು ಕೇಳುತ್ತಿದ್ದಳು. “ನೆಕ್ಸ್ಟ್ ಸ್ಯಾಟರ್ಡೇ ಬರ್ತೀಯಲ್ಲ?”

ಕ್ಲಚ್ಚೂ ಇಲ್ಲದ, ಗೇರೂ ಇಲ್ಲದ ಕಾರಿದೆ ಎಂದು ಪೇಪರಿನಲ್ಲಿ ಓದಿ, ಯಾರನ್ನೂ ಕೇಳದೆ ಕರೆಂಟಿನ ಕಾರು ತಂದುಬಿಟ್ಟೆ. ಈ ವಯಸ್ಸಿನಲ್ಲಿ ಏನು ಹುಚ್ಚು ಎಂದವರಿಗೆ ಕಿವಿ ಕೊಡಲಿಲ್ಲ. ಲೈನ್‌ಮನ್ ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿಗೆ ಕೈಯ ಹಿಂಬದಿ ತಾಗಿಸಿ, “ಇನ್ನುಮುಂದೆ ಸೀಮೆಣ್ಣೆ ವಾಸ್ನೆ ಇರಕಿಲ್ಲ ಬುಡಿ” ಎಂದರು. ಅವರಿಗೆ ಪೆಟ್ರೋಲು, ಡೀಸೆಲ್ಲು ಎಲ್ಲವೂ ಸೀಮೆಣ್ಣೆಯೇ.

ಮನೆಯಲ್ಲಿ ಚಾರ್ಜ್ ಮಾಡಲು ವ್ಯವಸ್ಥೆಯಾಗಬೇಕಿತ್ತು. ಷೋರೂಮಿನ ಕಡೆಯಿಂದ ಕತ್ತಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡ ಒಬ್ಬ ಟೆಕ್ನಿಷಿಯನ್ ಬಂದ. ಪೋರ್ಟಿಕೋದ ಗೋಡೆಗೆ ದಪ್ಪ ಸಾಕೆಟ್ ಕೂರಿಸಿ, ಅರ್ತಿಂಗಿಗೆಂದು ಗೇಟಿನ ಪಕ್ಕದ ಒಣ ಮಣ್ಣಿಗೆ ಒಂದು ಕಂಬಿ ಬಡಿದು, ಚಾರ್ಜರ್ ಸಿಕ್ಕಿಸಿದ. ಕೆಂಪು ದೀಪ ಹತ್ತಿತು. ತೆಗೆದು ಮತ್ತೆ ಸಿಕ್ಕಿಸಿದ. ಮತ್ತೆ ಕೆಂಪು. “ಅರ್ತಿಂಗ್ ಸ್ವಲ್ಪ ವೀಕ್ ಮ್ಯಾಡಮ್, ಅಡ್ಜಸ್ಟ್ ಮಾಡ್ತೀನಿ” ಎಂದು ಸಾಕೆಟ್ ಬಿಚ್ಚಿ ಒಳಗೆ ಗೇಣುದ್ದದ ವೈರು ಸೇರಿಸಿದ. ಹಸಿರು ಹತ್ತಿತು! ಆ ಹಸಿರು ನೋಡಿ ನನಗೆ ಕಾನ್ವೆಂಟಿನಲ್ಲಿ ರಿಸಲ್ಟ್ ಬಂದಷ್ಟು ಸಂತೋಷವಾಯಿತು. ಕೂಡಲೇ ಮಳವಳ್ಳಿಗೆ ಫೋನ್ ಮಾಡಿದೆ. “ದಿಸ್ ಸ್ಯಾಟರ್ಡೇ. ಪ್ರಾಮಿಸ್.”

ಶುಕ್ರವಾರ ಸಂಜೆ ಲೈನ್‌ಮನ್ ಬಂದರು. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ಪೋರ್ಟಿಕೋಗೆ ಬಂದು, ಚಾರ್ಜ್ ಆಗುತ್ತಿದ್ದ ಕಾರಿನ ಬಾಗಿಲಿಗೆ ಎಂದಿನಂತೆ ಕೈ ತಾಗಿಸಿದರು. ಕೈ ಹಿಂದಕ್ಕೆ ಬಂತು. ಮತ್ತೆ ತಾಗಿಸಿದರು. ಮೇನ್ ಆಫ್ ಮಾಡಿ, ಸಾಕೆಟ್ ಬಿಚ್ಚಿ, ಒಳಗೆ ಇಣುಕಿದರು.

“ಯಾವೋನವ್ವ ಈ ಕೆಲ್ಸ ಮಾಡ್ದೋನು?”

“ಕಂಪನಿ ಕಡೆಯವನು. ಟ್ರೈನಿಂಗ್ ಆದವನು ಕಣ್ರೀ.”

“ಟ್ರೈನಿಂಗು ಯಮ್ದೂತ್ರು ಕೊಟ್ಟಿರ್ಬೇಕು. ಅರ್ತು ಸಿಗ್ನಿಲ್ಲ ಅಂತ ದೀಪ ಕೆಂಪಗೆ ಬಾಯ್ ಬಡ್ಕತಿದ್ರೆ, ನ್ಯೂಟ್ರಲ್ ತಂದು ಅರ್ತಿಗೆ ಕಟ್ಬುಟ್ಟು ಅದ್ರ ಬಾಯಿ ಮುಚ್ಚವ್ನೆ. ನಾಳೆ ಬೀದಿಲಿ ನ್ಯೂಟ್ರಲ್ ಕಿತ್ತೋಯ್ತು ಅನ್ಕಳಿ, ನಿಮ್ ಕಾರಿಗೆ ಕಾರೇ ಕರೆಂಟಾಯ್ತದೆ. ಬಾಗ್ಲು ತೆಗ್ಯಕ್ಕೆ ಕೈ ಇಕ್ಕುದ್ರಿ ಅಂದ್ರೆ ಮುಗೀತು.”

“ನಾಳೆ ಒಂದು ದಿನ ಹೋಗಿಬಂದುಬಿಡ್ತೀನಿ. ಸೋಮವಾರ ನೋಡೋಣ.”

“ಆಗಕಿಲ್ಲ.”

“ಪೂರ್ತಿ ಚಾರ್ಜ್ ಕೂಡ ಬೇಡ, ಅರ್ಧ ಆದರೆ ಸಾಕು. ಇನ್ನು ಎರಡು ಗಂಟೆ ಬಿಡಿ ಸಾಕು.”

“ಎಲ್ಡು ನಿಮ್ಸವೂ ಆಗಕಿಲ್ಲ.”

ಆಗ ನಾನು ಆಡಬಾರದ ಮಾತು ಆಡಿದೆ. ಇದು ನ್ಯೂ ಟೆಕ್ನಾಲಜಿ, ಕಂಬ ಹತ್ತಿ ಕಟಿಂಗ್ ಪ್ಲೇಯರ್ ಹಿಡಿದಂತಲ್ಲ, ನಿಮಗೆ ಇದೆಲ್ಲ ಏನು ಗೊತ್ತು ಎಂದೆ. ಸಿಟ್ಟು ಏರಿದಂತೆ ನನ್ನ ಭಾಷೆ ಇಂಗ್ಲಿಷಿಗೆ ಜಾರುತ್ತದೆ, ಏನೇನೋ ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು.

“ಬೋಯ್ಯೋದಾದ್ರೆ ಕನ್ನಡದಲ್ಲೇ ಬೋಯ್ರಿ ಡಾಕ್ಟ್ರಮ್ಮಾರೆ. ಬೋಯ್ಸ್ಕಂಡೋನ್ಗೂ ವಸಿ ಅರ್ಥವಾಗ್ಲಿ.”

ಹಾಗೆಂದು, ಹಳೇ ಬೋರ್ಡಿನಿಂದ ಪೋರ್ಟಿಕೋ ಲೈನಿನ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು, ಷರ್ಟಿನ ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಹೋದರು. ನನ್ನ ಮನೆಯ ಫ್ಯೂಸು! ಹೌ ಡೇರ್ ಯೂ ಎಂದು ನಾನು ಗೇಟಿನ ತನಕ ಕೂಗಿಕೊಂಡು ಹೋದೆ. ತಿರುಗಿ ನೋಡಲಿಲ್ಲ.

ಮರುದಿನ ಶನಿವಾರ. ಸ್ನೇಹಿತೆಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. “ಇಟ್ಸ್ ಓಕೆ” ಎಂದಳು. ಅವಳು ಅವತ್ತು ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಸೀರೆ ಬದಲಿಸಿ, ಜಗುಲಿಯ ಕುರ್ಚಿಯಲ್ಲಿ ಕೂತಿದ್ದಳೆಂದು ಅವಳ ಸೊಸೆ ಎಷ್ಟೋ ದಿನದ ಮೇಲೆ ಹೇಳಿದಳು. ನಾನು ಆ ದಿನವೆಲ್ಲ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಈ ಮನುಷ್ಯನನ್ನು ಇನ್ನು ಮನೆಗೆ ಸೇರಿಸಬಾರದು ಎಂದು ಹತ್ತು ಸಲ ಡಿಸೈಡ್ ಮಾಡಿದೆ.

ಸೋಮವಾರ ಬೆಳಿಗ್ಗೆ ಅವರು ಪಕ್ಕದ ಹೊಳಲು ಊರಿನಿಂದ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದರು. ಹಿತ್ತಲಿನಲ್ಲಿ ಬರಿಗಾಲಲ್ಲಿ ಅತ್ತಿತ್ತ ನಡೆದು, ಬಟ್ಟೆ ಒಗೆಯುವ ಕಲ್ಲಿನ ನೀರು ಹರಿದು ಹೋಗುವ ಜಾಗದಲ್ಲಿ ನಿಂತರು. “ಇಲ್ಲಿ. ಇಲ್ಲಿ ತಂಪದೆ” ಎಂದರು. ಅರ್ತಿಂಗಿಗೆ ಆಳುದ್ದಕ್ಕಿಂತ ಆಳದ ಗುಂಡಿ. ನಡುವೆ ತೂತುಗಳಿರುವ ಕಬ್ಬಿಣದ ಪೈಪು. ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ದೊಡ್ಡ ಭರಣಿಗೆ ಉಪ್ಪಿನಕಾಯಿ ಹಾಕಿದಂತೆ ಪದರ ಪದರವಾಗಿ ತಾವೇ ಬಗ್ಗಿ ಹಾಕಿಸಿದರು.

ನಾನು ಮುಖ ಊದಿಸಿಕೊಂಡೇ ಕಾಫಿ ತಂದೆ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕುಡಿಯುತ್ತಾ, ನನ್ನನ್ನು ನೋಡದೆ ಅವರು ಹೇಳಿದ್ದು ಇಷ್ಟು.

“ನಾನು ಕೆಲ್ಸಕ್ಕೆ ಸೇರ್ದ ಹೊಸ್ದು. ಒಂದ್ ಹಳ್ಳಿ ಲೈನು. ನನ್ ಜೊತೆಗಾರ ಕಂಬದ ಮ್ಯಾಲಿದ್ದ. ನಾನು ಕೆಳ್ಗೆ ಸ್ವಿಚ್ ಆಫ್ ಮಾಡ್ಬುಟ್ಟು, ಬೀಡಿ ಹಚ್ಚಕ್ಕೆ ಅತ್ಲಾಗೋದೆ. ಯಾರೋ ಪಾಪ, ಗದ್ದೆಗೆ ನೀರ್ ಬುಡಕ್ಕೆ ಕರೆಂಟಿಲ್ಲ ಅಂತ ಬಂದು ಸ್ವಿಚ್ ಎತ್ಬುಟ್ಟ. ಮ್ಯಾಗೆ ಮನ್ಸ ಅವ್ನೆ ಅಂತ ಅವ್ನಿಗೇನ್ ಗೊತ್ತು? ಫ್ಯೂಸು ಕಿತ್ತು ಜೇಬ್ಗಾಕ್ಕಂಡು ಓಗಿದ್ರೆ, ಅವ್ನು ಎಷ್ಟ್ ಸ್ವಿಚ್ ಎತ್ತುದ್ರೂ ಏನೂ ಆಯ್ತಿರ್ಲಿಲ್ಲ.” ಲೋಟ ಕೆಳಗಿಟ್ಟರು. “ಅವತ್ತಿಂದ ಫ್ಯೂಸು ನನ್ ಜೇಬಲ್ಲೇ ಕಣ್ರವ್ವ. ಯಾರ್ ಏನಾರ ಅನ್ಕಳ್ಳಿ.”

ನಾನು ಸಾರಿ ಎಂದೆ. ಇಂಗ್ಲಿಷಿನ ಆ ಒಂದು ಪದ ಅವರಿಗೆ ಗೊತ್ತಿತ್ತು. “ಗುಂಡಿಗೆ ವಾರಕ್ಕೆರಡು ಕೊಡ ನೀರು ಹುಯ್ಯೋದ ಮರೀಬ್ಯಾಡಿ” ಎಂದರು.

ಕೊನೆಗೆ ಹೋಲ್ಡರಿಗೆ ಸಿಕ್ಕಿಸಿದ ನೂರು ಕ್ಯಾಂಡಲ್ಲಿನ ಹಳೇ ಬಲ್ಬು ತಂದು ಪರೀಕ್ಷೆ ಮಾಡಿ ತೋರಿಸಿದರು. ಅದರ ಒಂದು ವೈರನ್ನು ಕರೆಂಟಿಗೆ ಸಿಕ್ಕಿಸಿ, ಇನ್ನೊಂದನ್ನು ಗೇಟಿನ ಪಕ್ಕದ ಕಂಬಿಗೆ ತಾಗಿಸಿದಾಗ ಬಲ್ಬು ಒಲೆಯ ಕೊನೆಯ ಕೆಂಡದಂತೆ ಮಂಕಾಗಿ ಉರಿಯಿತು. ಹೊಸ ಗುಂಡಿಯ ವೈರಿಗೆ ತಾಗಿಸಿದಾಗ ಕಣ್ಣು ಕುಕ್ಕಿತು. ಫ್ಯೂಸನ್ನು ಜೇಬಿನಿಂದ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ತಾವೇ ಹಾಕಿದರು. ಚಾರ್ಜರಿನಲ್ಲಿ ಯಾವ ಅಡ್ಜಸ್ಟೂ ಇಲ್ಲದೆ ಹಸಿರು ಬಂತು.

ಆ ಶನಿವಾರ ನಾನು ಕಾರು ತೆಗೆಯುವ ಹೊತ್ತಿಗೆ ಅವರು ಇಸ್ತ್ರಿ ಷರ್ಟು ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. “ಲೋಡ್ ಎಂಗೆ ತಡ್ಕತದೆ ವಸಿ ನೋಡ್ಬೇಕು, ನಾನೂ ಬತ್ತೀನಿ.” ಓಡುವ ಕಾರಿನಲ್ಲಿ ಕೂತು ಯಾವ ಲೋಡ್ ನೋಡುತ್ತಾರೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಮದ್ದೂರಿನ ತನಕ ಬೆನ್ನು ಸೀಟಿಗೆ ತಾಗಿಸದೆ ಕೂತಿದ್ದರು. ಸದ್ದೇ ಇಲ್ಲದ ಕಾರು ಎಂದು ಎರಡು ಸಲ ಹೇಳಿದರು. ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗಿದ ಮೇಲೆ ಗಿಡ್ಡ ಕಾಲಿನ, ದಪ್ಪ ಮೈಯ ಬಂಡೂರು ಕುರಿಗಳ ಒಂದು ಮಂದೆ ಅಡ್ಡ ಬಂತು. ಹಾರ್ನ್ ಮಾಡಿದರೂ ಜಗ್ಗಲಿಲ್ಲ. ಅವರು ಕಿಟಕಿಯಿಂದ ತಲೆ ಹೊರಹಾಕಿ, “ಲೇ, ಪೆಟ್ಗೆಗೆ ಕಾಲ್ ಬಂದಂಗಿದ್ದೀರ, ಅತ್ಲಾಗ್ ನಡೀರ್ಲಾ!” ಎಂದು ಕೂಗಿದರು. ಎಷ್ಟೋ ತಿಂಗಳ ಮೇಲೆ ನಾನು ಜೋರಾಗಿ ನಕ್ಕಿದ್ದು ಅವತ್ತೇ.

ಮಳವಳ್ಳಿಯಲ್ಲಿ ನಾನು ಒಳಗೆ ಓದುವಾಗ ಅವರು ಜಗುಲಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಂದು ಪದ ಅರ್ಥವಾಗದಿದ್ದರೂ ಕಿವಿ ಈ ಕಡೆಗೇ. ಮೊದಲ ದಿನವೇ ವಾಪಸ್ ಬರುವಾಗ ಕೇಳಿದರು. “ಅಲ್ಲ, ಅಷ್ಟೊತ್ತು ಓದುದ್ರಲ್ಲ, ಏನಂತೆ ಅದ್ರಲ್ಲಿ?”

ಹೇಳಿದೆ. ಯಾರೂ ಹೆಸರು ಕೇಳಿರದ ಹಳೇ ಕಾದಂಬರಿ. ಇಂಗ್ಲೆಂಡಿನ ಒಂದು ಹಳ್ಳಿ. ಊರೂರು ತಿರುಗಿ ಚರ್ಚುಗಳ ಗಂಟೆ ರಿಪೇರಿ ಮಾಡುವ ಒಬ್ಬ ಬಡಗಿ. ಅವನಿಗಾಗಿ ಕಾದಿರುವ ಒಬ್ಬ ಹುಡುಗಿ. ಮಳವಳ್ಳಿಯಿಂದ ಮಂಡ್ಯದವರೆಗೆ ಒಂದು ಅಧ್ಯಾಯ ಸರಿಯಾಗಿ ಹಿಡಿಸುತ್ತಿತ್ತು. ಮುಂದಿನ ಶನಿವಾರ ಮತ್ತೆ ಇಸ್ತ್ರಿ ಷರ್ಟು, ಮತ್ತೆ ಲೋಡ್ ಚೆಕ್. ಹೀಗೆ ಒಂದೂವರೆ ವರ್ಷ ನಡೆಯಿತು. ಹುಡುಗಿಯ ಅಪ್ಪ ಮದುವೆಗೆ ಒಪ್ಪದಿದ್ದಾಗ, “ಬುಡ್ತು ಅನ್ನಿ, ಅಲ್ಲೂ ಇದೇ ರಗಳೆಯಾ?” ಎಂದರು. ಬಡಗಿ ಅವಳಿಗೆ ಪತ್ರ ಬರೆಯದೆ ಮೂರು ಅಧ್ಯಾಯ ಕಳೆದಾಗ ಅವನ ಮೇಲೆ ನಿಜವಾಗಿ ಸಿಟ್ಟಾದರು. ನಾನು ಜೀವಮಾನದಲ್ಲಿ ಯಾರಿಗೂ ಕನ್ನಡದಲ್ಲಿ ಕತೆ ಹೇಳಿದವಳಲ್ಲ. ಸ್ನೇಹಿತೆಗೆ ಓದುವಾಗಲೇ ಇದನ್ನು ಅವರಿಗೆ ಹೇಗೆ ಹೇಳಲಿ ಎಂದು ಒಳಗೊಳಗೇ ಪದ ಹುಡುಕತೊಡಗಿದ್ದೆ.

ನಡುವೆ ಒಂದು ಯುಗಾದಿ ಕಳೆದ ಮೇಲೆ ಮೊದಲ ಗಾಳಿಮಳೆ ಬಂತು. ಕೊಂಬೆ ಬಿದ್ದು ನಮ್ಮ ಬೀದಿಯ ಲೈನಿನಲ್ಲಿ ನ್ಯೂಟ್ರಲ್ಲೇ ಹರಿದುಹೋಯಿತು. ಅಕ್ಕಪಕ್ಕದ ಮನೆಗಳಲ್ಲಿ ಬಲ್ಬುಗಳು ಒಮ್ಮೆ ಬೆಳ್ಳಗೆ ಉರಿದು ಸಿಡಿದವು, ಟೀವಿಗಳು ಸುಟ್ಟವು. ಆ ಹೊತ್ತಿನಲ್ಲಿ ನಾನು ನೆಂದುಕೊಂಡು, ಬರಿಗಾಲಲ್ಲಿ, ಚಾರ್ಜಿಗೆ ಹಾಕಿದ್ದ ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ನನಗೆ ಏನೂ ಆಗಲಿಲ್ಲ. ಏನು ಆಗಬೇಕಿತ್ತು ಎಂದು ಹೊಳೆದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಲೈನ್‌ಮನ್ ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದು ಓಡಿಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗುಂಡಿಗೆ ನೀರ್ ಹುಯ್ದಿದ್ರಾ?” ಎಂದರು. ಹುಯ್ದಿದ್ದೆ ಎಂದೆ. “ಸರಿ ಅಂಗಾರೆ” ಎಂದು ಬೀದಿಯ ಲೈನು ನೋಡಲು ಹೋದರು.

ಕಾದಂಬರಿಯಲ್ಲಿ ಆ ಬಡಗಿ ಸಾಯುತ್ತಾನೆ. ಗಂಟೆಗೋಪುರದೊಳಗೆ ಅವನು ಕೆಲಸ ಮಾಡುತ್ತಿರುವಾಗ, ಕೆಳಗೆ ಬಂದ ಯಾರೋ ಏನೂ ತಿಳಿಯದೆ ಹಗ್ಗ ಎಳೆಯುತ್ತಾರೆ. ಗಂಟೆ ಬೀಸಿ ಬಂದು ಅವನನ್ನು ಕೆಡವುತ್ತದೆ. ವಾಪಸ್ ಬರುವಾಗ ಲೈನ್‌ಮನ್‌ಗೆ ಹೇಳದೆ ಈ ಅಧ್ಯಾಯ ಹಾರಿಸಿಬಿಡಲೇ ಎಂದುಕೊಂಡೆ. ಆದರೆ ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಟೆಕ್ಸ್ಟಿಗೆ ನಿಷ್ಠರಾಗಿರಬೇಕು ಎಂದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮದ್ದೂರಿನ ಹತ್ತಿರ ಕಬ್ಬಿನ ಗಾಡಿಯೊಂದರ ಹಿಂದೆ ನಾವು ನಿಧಾನವಾಗಿ ಹೋಗುತ್ತಿದ್ದಾಗ, ರಸ್ತೆ ನೋಡುತ್ತಲೇ ಹೇಳಿದರು. “ಹಗ್ಗ ಬಿಚ್ಚಿ ಜೊತೇಲೇ ಮ್ಯಾಕೆ ಎತ್ಕಂಡೋಗ್ಬೇಕಿತ್ತು ಕಣ್ರವ್ವ, ಅವ್ನು.”

ಮುಂದಿನ ವಾರ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಬಂದರು. ಹುಡುಗಿ ಏನು ಮಾಡಿದಳು ಎಂದು ಕೇಳಿದರು. ಅವಳ ದುಃಖದ ಅಧ್ಯಾಯಗಳನ್ನು ಒಂದೊಂದಾಗಿ ಆರು ಶನಿವಾರ ಹೇಳಿದೆ.

ಏಳನೆಯ ಶನಿವಾರ ಗೇಟಿನಲ್ಲಿ ಅವರಿರಲಿಲ್ಲ. ಹತ್ತು ನಿಮಿಷ ಕಾದು, ಸ್ವಲ್ಪ ಕೋಪ ಬಂದು, ಕಾರನ್ನು ಅವರ ಬೀದಿಗೇ ತಿರುಗಿಸಿದೆ. ಮನೆಯ ಮುಂದೆ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಇಟ್ಟಿದ್ದರು. ಬುಧವಾರ ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಮೂರು ದಿನವಾಗಿತ್ತು. ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರ ಪಟ್ಟಿಯಲ್ಲಿ ನಾನು ಯಾಕಿರಬೇಕು? ಆ ಮನೆಗೆ ನಾನು ಯಾವ ರೀತಿಯಲ್ಲೂ ಸಂಬಂಧಿಕಳಲ್ಲ, ಡಾಕ್ಟ್ರಮ್ಮ ಅಷ್ಟೆ. ಇಳಿಯಲು ಧೈರ್ಯವಾಗದೆ ಮಳವಳ್ಳಿಗೆ ಹೋದೆ. ಪುಸ್ತಕ ತೆರೆಯಲಿಲ್ಲ. ಸ್ನೇಹಿತೆ ನನ್ನ ಕೈ ಹಿಡಿದುಕೊಂಡು ಕೂತಳು. ವಾಪಸ್ ಬರುವ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ.

ಹನ್ನೊಂದನೆಯ ದಿನದ ತಿಥಿ ಮುಗಿದ ಮರುದಿನ ಅವರ ಹೆಂಡತಿಯನ್ನು ನೋಡಲು ಹೋದೆ. ಆಕೆಯನ್ನು ದೂರದಿಂದ ನೋಡಿದ್ದೆನೇ ಹೊರತು ಮಾತನಾಡಿರಲಿಲ್ಲ. ಸಣ್ಣ ಹೆಂಗಸು. ಚಾಪೆ ಹಾಸಿ, ನನ್ನ ಮಂಡಿ ನೋಡಿ, ಚಾಪೆ ಸುತ್ತಿಟ್ಟು ಕುರ್ಚಿ ತಂದರು. ಆಕೆಯೇ ಸೆರಗು ಸರಿಮಾಡಿಕೊಂಡು ಕೇಳಿದರು.

“ಡಾಕ್ಟ್ರಮ್ಮಾರೆ, ಆ ಗಂಟೆ ಬಡಗಿ ಕತೆ ಎಲ್ಲಿಗ್ ಬಂತು?”

“ಆ ಕತೆ ನಿಮಗೂ ಗೊತ್ತಾ?” ಎಂದೆ.

“ಸನಿವಾರ ಉಣ್ಣಕ್ಕೆ ಕುಂತ್ರೆ ಅದೇ ಕತೆ ಕಣ್ರವ್ವ. ಒಂದೂವರೆ ವರ್ಷದಿಂದ. ನಾನು ಕೇಳ್ದೆ ಇದ್ರೂ ಬುಡ್ತಿರ್ಲಿಲ್ಲ. ಆಮ್ಯಾಕೆ ನಂಗೇ ರೂಢಿ ಆಗೋಯ್ತು. ಹೋದ್ಸಲ ಎಲ್ಲಿಗ್ ನಿಲ್ಸುದ್ರು ಗೊತ್ತಾ? ಅವ್ನು ಹಗ್ಗಾನ ಸುತ್ಕಂಡು ಜೊತೇಲೇ ಮ್ಯಾಕೆ ತಕ್ಕಂಡೋಗಿದ್ನಲ್ಲ, ಅದ್ಕೇ ಬದಿಕ್ಕಂಡ. ಕೆಳ್ಗೆ ಬಂದೋರು ಎಳ್ಯಕ್ಕೆ ಹಗ್ಗವೇ ಇಲ್ಲ!” ಆಕೆಯ ಮುಖದಲ್ಲಿ ಒಂದು ಗಳಿಗೆ ಸಣ್ಣ ನಗು ಬಂತು. “ಆಮ್ಯಾಕೆ ಆ ಹೆಣ್ಣ ಮದ್ವೆ ಆಗಿ, ಆಲೆಮನೆ ಇಕ್ಕೋಕೆ ಜಾಗ ನೋಡ್ತಾವ್ನೆ. ಅಲ್ಲಿಗೆ ನಿಲ್ಸುದ್ರು.”

ಪುಸ್ತಕದಲ್ಲಿ ಆ ಬಡಗಿಯನ್ನು ಹೂತು ಆರು ಅಧ್ಯಾಯವಾಗಿತ್ತು. ಆರು ಶನಿವಾರ ನಾನು ಹೇಳಿದ ಅಳುವನ್ನೆಲ್ಲ ಕಾರಿನಲ್ಲಿ ಕೇಳಿಸಿಕೊಂಡು, ಮನೆಗೆ ಬಂದು, ಈ ಮನುಷ್ಯ ತಟ್ಟೆಯ ಮುಂದೆ ಕೂತು ಅವನನ್ನು ಬದುಕಿಸಿದ್ದರು, ಮದುವೆ ಮಾಡಿಸಿದ್ದರು. ಇಂಗ್ಲೆಂಡಿನಲ್ಲಿ ಬೆಲ್ಲ ಕಾಯಿಸಲು ಆಲೆಮನೆಗೆ ಜಾಗವನ್ನೂ ಹುಡುಕುತ್ತಿದ್ದರು.

ಆಕೆ ಕುರ್ಚಿಯ ಹತ್ತಿರಕ್ಕೆ ಸರಿದು ನೆಲದ ಮೇಲೆ ಕೂತರು. “ಆಮ್ಯಾಕೇನಾಯ್ತು ಅಂತ ನಿಮ್ಗೇ ತಾನೆ ಗೊತ್ತಿರದು? ಯೋಳ್ರವ್ವ. ಅವ್ರ್ ದೇಸದಲ್ಲೂ ಕಬ್ಬು ಬೆಳೀತಾರಾ?”

ನಾನು ವ್ಯಾನಿಟಿ ಬ್ಯಾಗನ್ನು ತೊಡೆಯಿಂದ ತೆಗೆದು ಕೆಳಗಿಟ್ಟೆ.

“ಬೆಳೀತಾರೆ ಕಣಮ್ಮ” ಎಂದೆ. “ಆ ವರ್ಷ ಬೆಳೆ ಚೆನ್ನಾಗಿ ಬಂದಿತ್ತು.”